ಎರಡು ಗಂಟೆಯ ಇಪ್ಪತ್ತೆಂಟು

ಸೌಟಕ್ಕನ ಬಗ್ಗೆ ಬರೆಯಲು ಕೂತಾಗಲೆಲ್ಲ ನಾನು ಅವಳ ಒಳ್ಳೆಯ ಗುಣಗಳಿಂದ ಶುರು ಮಾಡುತ್ತೇನೆ. ಅದು ನನ್ನ ಕಳ್ಳಬುದ್ಧಿ. ಹೊಗಳಿಕೆಯ ಗದ್ದಲದಲ್ಲಿ ನನ್ನ ತಪ್ಪು ಯಾರ ಕಿವಿಗೂ ಬೀಳದಿರಲಿ ಎಂಬ ಹುನ್ನಾರ. ಆದ್ದರಿಂದ ಈ ಸಲ ಮೊದಲೇ ಹೇಳಿಬಿಡುತ್ತೇನೆ: ಅವಳ ಕೆಲಸ ಹೋದದ್ದು ನನ್ನಿಂದ, ಅವಳ ಹೆಸರು ಕೆಟ್ಟದ್ದೂ ನನ್ನಿಂದ. ನಾನು ಆಗ ಆರೋಗ್ಯ ಕಚೇರಿಯ ಸೊಳ್ಳೆ ವಿಭಾಗದ ಮೇಸ್ತ್ರಿ. ನನ್ನ ಕೈಕೆಳಗೆ ಹನ್ನೊಂದು ಜನ ಹೆಂಗಸರಿದ್ದರು, ಅವರಲ್ಲಿ ಅವಳೊಬ್ಬಳು.

ಬೆಳಿಗ್ಗೆ ಎಂಟಕ್ಕೆ ಹಾಜರಿ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬೀದಿಗೆ. ಮನೆಮನೆಗೂ ಹೋಗಿ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ, ಹಳೆ ಟೈರು, ಎಲ್ಲೆಲ್ಲಿ ನೀರು ನಿಂತಿರುತ್ತದೋ ಅಲ್ಲೆಲ್ಲ ಇಣುಕಿ, ಉದ್ದ ಹಿಡಿಯ ಬಿಳಿ ಸೌಟಿನಿಂದ ನೀರು ಮೊಗೆದು, ಸೊಳ್ಳೆಮರಿ ಇದೆಯೇ ಎಂದು ನೋಡಬೇಕು. ಇದ್ದರೆ ಚೆಲ್ಲಿಸಬೇಕು. ಎಲ್ಲ ಸರಿಯಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಮುಂದಿನ ಮನೆಗೆ ನಡೆಯಬೇಕು. ಒಳಗೆ ಕಾಲಿಡದೆ ಬರೀ ತಾರೀಖು ಗೀಚಿ ಬರುವ ಸೋಮಾರಿಗಳೂ ಇದ್ದರು. ಅದಕ್ಕೆ ನಮ್ಮಲ್ಲಿ ‘ಸುಣ್ಣದ ಭೇಟಿ’ ಅಂತ ಹೆಸರು. ಮೇಸ್ತ್ರಿಯಾದವನು ಐದು ಮನೆಗೊಂದರಂತೆ ಹಿಂದಿನಿಂದ ಹೋಗಿ ಪರೀಕ್ಷಿಸಬೇಕು ಅಂತ ನಿಯಮವಿದ್ದದ್ದು ಈ ಸುಣ್ಣದ ಭೇಟಿಗಳಿಗಾಗಿಯೇ.

ಅವಳ ಹಿಂದೆ ನಾನು ಪರೀಕ್ಷೆಗೆ ಹೋಗುತ್ತಿರಲಿಲ್ಲ. ಅಗತ್ಯವೇ ಇರಲಿಲ್ಲ. ಹೆಗಲಿನ ಚೀಲದಿಂದ ಸೌಟಿನ ಹಿಡಿ ಹೊರಗೆ ಚಾಚಿಕೊಂಡು ಅವಳು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮನೆಯವರು ತಾವಾಗಿಯೇ ಡ್ರಮ್ಮಿನ ಮುಚ್ಚಳ ತೆಗೆದಿಟ್ಟಿರುತ್ತಿದ್ದರು. ತೆಗೆಯದಿದ್ದರೆ ಅವಳ ಬಾಯಿಗೆ ಸಿಕ್ಕಿಹಾಕಿಕೊಳ್ಳಬೇಕಿತ್ತು. “ಯಾಕಮ್ಮಾ, ಮರಿಗಳಿಗೆ ಬಾಣಂತನ ಮಾಡ್ತಿದ್ದೀಯಾ?” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದಳು. ಮಕ್ಕಳು ಅವಳಿಗೆ ಸೌಟಕ್ಕ ಅಂದರು, ದೊಡ್ಡವರೂ ಹಾಗೇ ಅಂದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಅವಳಿಗೊಂದು ಹುಚ್ಚಿತ್ತು. ಸೊಳ್ಳೆಮರಿಗಳನ್ನು ಮನೆಗೆ ತಂದು ಸಾಕುತ್ತಿದ್ದಳು. ಮೂರು ಗಾಜಿನ ಜಾಡಿ, ಮೂರಕ್ಕೂ ಬಾಯಿಗೆ ತೆಳು ಬಟ್ಟೆ ಬಿಗಿದು, ಒಂದು ಒಲೆಯ ಪಕ್ಕದ ಹಲಗೆಯ ಮೇಲೆ, ಇನ್ನೊಂದು ಬಚ್ಚಲಿನ ಮೂಲೆಯಲ್ಲಿ, ಮೂರನೆಯದು ತಗಡಿನ ಮಾಡಿನ ಮೇಲೆ. ಒಂದೊಂದರೊಳಗೂ ದಾರ ಕಟ್ಟಿದ ಥರ್ಮಾಮೀಟರು ಇಳಿಬಿಟ್ಟು ನೋಡುವಳು. “ಬೇರೆಯವರ ಮನೆ ಸೊಸೆಯರು ಕೋಳಿ ಸಾಕ್ತಾರೆ, ನಮ್ಮವಳು ಸೊಳ್ಳೆ ಸಾಕ್ತಾಳೆ,” ಅಂತ ಅವಳ ಅತ್ತೆ ಕಂಡಕಂಡವರ ಮುಂದೆ ಹೇಳಿಕೊಂಡು ಹಣೆ ಚಚ್ಚಿಕೊಳ್ಳುತ್ತಿದ್ದರು. ಮನೆಗೆ ಯಾರಾದರೂ ಬಂದಾಗ ಅತ್ತೆಯ ಮೊದಲ ಕೆಲಸ ಒಲೆಯ ಪಕ್ಕದ ಜಾಡಿಗೆ ಸೆರಗು ಅಡ್ಡ ಹಿಡಿಯುವುದು.

ಆ ಜಾಡಿಗಳ ವಿಷಯವನ್ನು ಅವಳು ನನಗೆ ಹೇಳಿದ್ದು ಒಂದು ದಿನ ಹಾಜರಿ ಹಾಕುವಾಗ. ಬಚ್ಚಲಿನ ತಂಪಿನಲ್ಲಿದ್ದವು ಮೊಟ್ಟೆಯೊಡೆದು ರೆಕ್ಕೆ ಬರಲು ಹದಿನೆಂಟು ದಿನ ತೆಗೆದುಕೊಂಡಿದ್ದವು. ಒಲೆಯ ಪಕ್ಕದವು ಎಂಟೇ ದಿನಕ್ಕೆ ಬಟ್ಟೆಗೆ ಬಂದು ಬಡಿಯುತ್ತಿದ್ದವು. ಮಾಡಿನ ಮೇಲಿನ ನೀರು ನಲವತ್ತು ದಾಟಿ, ಮೂರನೇ ಮಧ್ಯಾಹ್ನಕ್ಕೆ ಒಂದೂ ಉಳಿದಿರಲಿಲ್ಲ.

“ತೀರಾ ಕಾದ್ರೆ ಸಾಯ್ತವೆ ಮೇಸ್ತ್ರಿ, ತಂಪಾದ್ರೆ ಆಕಳಿಸ್ತಾ ಬೆಳೀತವೆ. ನಡುವೆ ಇದೆಯಲ್ಲ ಬೆಚ್ಚಗಿನ ಜಾಗ, ಅಲ್ಲಿ ಅವಕ್ಕೆ ಕಾಲು ನೆಲದ ಮೇಲೆ ನಿಲ್ಲಲ್ಲ,” ಅಂದಳು. “ಒಲೆ ಪಕ್ಕದವು ಗಾತ್ರದಲ್ಲಿ ಸಣ್ಣ. ಗಡಿಬಿಡಿಯಲ್ಲಿ ಬೆಳೆದವಲ್ಲ, ಮೈ ತುಂಬಿಲ್ಲ. ಬಚ್ಚಲಿನವು ದಷ್ಟಪುಷ್ಟ.”

ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಸರಿ ಸರಿ, ಬೀದಿಗೆ ನಡಿ,” ಅಂದೆ.

ಅವಳು ಜಾಡಿಯಲ್ಲಿ ಕಂಡದ್ದನ್ನೇ ಕಚೇರಿ ನಿಯಮವನ್ನಾಗಿ ಬರೆದಿತ್ತು. ಮಾಮೂಲಿ ದಿನಗಳಲ್ಲಿ ಪ್ರತಿ ಮನೆಗೂ ಹತ್ತು ದಿನಕ್ಕೊಂದು ಭೇಟಿ. ಆದರೆ ಕಚೇರಿಯ ಹಿತ್ತಲಗೋಡೆಗೆ ನೆರಳಿನಲ್ಲಿ ತೂಗುಹಾಕಿದ್ದ ಥರ್ಮಾಮೀಟರು ಮಧ್ಯಾಹ್ನ ಎರಡು ಗಂಟೆಗೆ ಮೂವತ್ತೆರಡು ದಾಟಿ, ಮೂರು ದಿನ ಹಾಗೇ ನಿಂತರೆ, ಆವತ್ತಿನಿಂದ ಏಳು ದಿನಕ್ಕೊಂದು ಭೇಟಿ ಆಗಬೇಕು. ನೀರು ಬೆಚ್ಚಗಾದರೆ ಹತ್ತು ದಿನ ಕಾಯುವಷ್ಟರಲ್ಲಿ ಮರಿ ರೆಕ್ಕೆ ಕಟ್ಟಿಕೊಂಡು ಹಾರಿಹೋಗಿರುತ್ತದೆ. ದಿನಾ ಎರಡಕ್ಕೆ ಅಂಕಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಮೇಸ್ತ್ರಿಯ ಕೆಲಸ.

ಮಧ್ಯಾಹ್ನ ಎರಡು ಗಂಟೆಗೆ ಈ ಮೇಸ್ತ್ರಿ ನಿದ್ದೆ ಮಾಡುತ್ತಿದ್ದ. ದೊಡ್ಡ ಕಾರಣವೇನೂ ಇಲ್ಲ, ಊಟದ ಮೇಲೆ ಕಣ್ಣು ಎಳೆಯುತ್ತಿತ್ತು, ಉಗ್ರಾಣದಲ್ಲಿ ಔಷಧಿ ಡಬ್ಬಗಳ ಪಕ್ಕ ಒಂದು ಉದ್ದ ಬೆಂಚಿತ್ತು. ಹಿತ್ತಲಗೋಡೆಗೆ ಅಲ್ಲಿಂದ ಅರವತ್ತು ಹೆಜ್ಜೆ. ಆ ಅರವತ್ತು ಹೆಜ್ಜೆ ನನಗೆ ಭಾರವಾಯಿತು. ಬೆಳಿಗ್ಗೆ ಬರುವಾಗ ದಾರಿಯಲ್ಲೇ ಒಮ್ಮೆ ಕಣ್ಣಾಡಿಸಿ, ಎಂಟು ಗಂಟೆಗೆ ಕಂಡ ಅಂಕಿಯನ್ನೇ ಎರಡು ಗಂಟೆಯ ಖಾನೆಯಲ್ಲಿ ಬರೆದುಬಿಡುತ್ತಿದ್ದೆ. ತಂಪಿನ ತಿಂಗಳುಗಳಲ್ಲಿ ಅದರಿಂದ ಯಾರಿಗೂ ಏನೂ ಆಗಲಿಲ್ಲ, ನನಗೂ ಅದು ಅಭ್ಯಾಸವಾಗಿ ಹೋಯಿತು.

ಆ ವರ್ಷ ಸೆಕೆ ಬೇಗ ಶುರುವಾಯಿತು. ಬೆಳಗಿನ ಎಂಟಕ್ಕೇ ಇಪ್ಪತ್ತೆಂಟು. ಮಧ್ಯಾಹ್ನ ಬೆಂಚಿನ ಮೇಲೆ ಮಲಗಿದರೆ ಬೆನ್ನಿನ ಅಂಗಿ ಒದ್ದೆಯಾಗಿ ಮರಕ್ಕೆ ಅಂಟಿಕೊಳ್ಳುತ್ತಿತ್ತು. ಗೋಡೆಯ ಅಂಕಿ ಏನಿರಬಹುದು ಅಂತ ತಿಳಿಯಲು ಎದ್ದು ಹೋಗಬೇಕಾದದ್ದೇ ಇರಲಿಲ್ಲ. ಆದರೆ ಮೂವತ್ತೈದು ಅಂತ ಬರೆದರೆ ಏಳು ದಿನದ ಸುತ್ತು ಶುರು. ಹೆಂಗಸರು ದಿನಕ್ಕೆ ಐವತ್ತು ಮನೆಯ ಬದಲು ಎಪ್ಪತ್ತು ಮನೆ ಹತ್ತಿಳಿಯಬೇಕು, ನನ್ನನ್ನು ಶಪಿಸಬೇಕು, ನಾನೂ ಬಿಸಿಲಲ್ಲಿ ಅವರ ಹಿಂದೆ ಅಲೆಯಬೇಕು. “ನಮ್ಮ ಮೇಸ್ತ್ರಿ ದೇವರಂಥವರು” ಅಂತ ಅವರು ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬಿದ್ದಿತ್ತು. ಅದು ನನಗೆ ಬಲು ಇಷ್ಟವಾಗಿತ್ತು. ಮೊದಲು ನಿದ್ದೆಗಾಗಿ ಬರೆದ ಸುಳ್ಳನ್ನು ಈಗ ಪೂರಾ ಎಚ್ಚರದಲ್ಲಿ ಬರೆದೆ. ಇಪ್ಪತ್ತೆಂಟು. ಮಾರನೆ ದಿನವೂ ಇಪ್ಪತ್ತೆಂಟು.

ಎರಡನೇ ವಾರ ಸೌಟಕ್ಕ ಬೆವರು ಒರೆಸಿಕೊಳ್ಳುತ್ತ ಕಚೇರಿಗೆ ಬಂದಳು.

“ಮೇಸ್ತ್ರಿ, ಗೋಡೆ ಎಷ್ಟು ತೋರಿಸ್ತಿದೆ?”

“ಇಪ್ಪತ್ತೆಂಟು,” ಅಂದೆ.

“ಸರಿಯಾಗಿ ನೋಡಿದ್ರಾ? ಡ್ರಮ್ಮಿನ ನೀರೇ ಮೂವತ್ತೆರಡು ಇದೆ. ಅದೂ ನೆರಳಲ್ಲಿರೋ ಡ್ರಮ್ಮು.”

“ನಿನ್ನದು ದಾರ ಕಟ್ಟಿದ ಆಟದ ಸಾಮಾನಮ್ಮ. ಎಷ್ಟು ಸಲ ಕೈಜಾರಿ ಬಿದ್ದಿದೆಯೋ ಏನೋ. ಗೋಡೆದು ಪರೀಕ್ಷೆ ಆಗಿ ಮುದ್ರೆ ಹಾಕಿಸ್ಕೊಂಡು ಬಂದಿರೋದು.”

ಅವಳು ಚೀಲದಿಂದ ತನ್ನ ಥರ್ಮಾಮೀಟರು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಎರಡು ಸಲ ಬಿದ್ದದ್ದು ನಿಜವಂತೆ. “ಹೋಗ್ಲಿ, ನನ್ನ ಬೀದಿಗಳಿಗೆ ನಾನೊಬ್ಬಳೇ ಏಳು ದಿನಕ್ಕೊಂದ್ಸಲ ಹೋಗ್ತೀನಿ. ಯಾರನ್ನೂ ಏನೂ ಕೇಳಲ್ಲ,” ಅಂದಳು.

ಆಗಲಾದರೂ ಹೂಂ ಅನ್ನಬಹುದಿತ್ತು. ನನಗೆ ಬೇರೆಯೇ ದಿಗಿಲು. ಅವಳ ಬೀದಿಯ ಬಾಗಿಲುಗಳ ಮೇಲೆ ಏಳು ದಿನದ ತಾರೀಖು, ಪಕ್ಕದ ಬೀದಿಯಲ್ಲಿ ಹತ್ತು ದಿನದ ತಾರೀಖು ಕಂಡರೆ ಮೇಲಿನವರು ಯಾಕೆ ಅಂತ ಕೇಳುತ್ತಾರೆ, ಪುಸ್ತಕ ತೆಗೆಸುತ್ತಾರೆ. “ಎಲ್ಲರಿಗೂ ಒಂದೇ ನಿಯಮ. ಹತ್ತು ಅಂದ್ರೆ ಹತ್ತು,” ಅಂತ ಗದರಿದೆ. ಅವಳು ಚೀಲ ಹೆಗಲಿಗೇರಿಸಿ ಹೋದಳು. ಮಾರನೆಯ ದಿನದಿಂದ ಅವಳ ಚೀಲದಲ್ಲಿ ಥರ್ಮಾಮೀಟರು ಇರಲಿಲ್ಲ.

ಜ್ವರ ಮೊದಲು ಕಾಣಿಸಿಕೊಂಡದ್ದು ಅವಳ ಬೀದಿಯಲ್ಲೇ. ಆ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಪ್ರತಿ ಮನೆಯ ಹಿಂದೂ ನೀರಿನ ಡ್ರಮ್ಮು. ಒಂದು ತಿಂಗಳೊಳಗೆ ಹದಿನಾಲ್ಕು ಜನ ಹಾಸಿಗೆ ಹಿಡಿದರು. ಹದಿಮೂರು ಜನ ಎದ್ದರು. ಟೈಲರನ ಹೆಂಡತಿ ಏಳಲಿಲ್ಲ. ಅವಳಿಗೆ ಮೂವತ್ತರ ಆಸುಪಾಸು. ಗಂಡ ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಸೌಟಕ್ಕ ಬಂದಾಗಲೆಲ್ಲ ತಾನೇ ಡ್ರಮ್ಮನ್ನು ವಾಲಿಸಿ ಹಿಡಿದು ತೋರಿಸುತ್ತಿದ್ದವಳು.

ವಿಚಾರಣೆಗೆ ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಟೈಲರನ ಹಿತ್ತಲಿನ ಡ್ರಮ್ಮಿನ ನೀರನ್ನು ಬಿಳಿ ತಟ್ಟೆಗೆ ಸುರಿಸಿದರು. ಅದರಲ್ಲಿ ಸೊಳ್ಳೆಗಳು ಕಳಚಿಟ್ಟು ಹೋದ ಪೊರೆಗಳು ತೇಲುತ್ತಿದ್ದವು. ಅಂದರೆ ಅಲ್ಲಿಂದ ಆಗಲೇ ಹಾರಿಹೋಗಿವೆ. ಬಾಗಿಲ ಮೇಲೆ ಸೌಟಕ್ಕನ ಕೈಬರಹದ ತಾರೀಖು, ಎಂಟು ದಿನದ ಹಿಂದಿನದು. ಅಧಿಕಾರಿ ನನ್ನ ಪುಸ್ತಕ ತರಿಸಿದರು. ಮೇಜಿನ ಸುತ್ತ ನಾವೆಲ್ಲ ನಿಂತಿದ್ದೆವು.

“ಮಧ್ಯಾಹ್ನದಲ್ಲೇ ಇಪ್ಪತ್ತೆಂಟು ಅಂದ್ರೆ ಡ್ರಮ್ಮಿನ ನೀರು ಇನ್ನೂ ತಂಪು,” ಅಂದರು ಅವರು, ಸೌಟಕ್ಕನ ಕಡೆ ತಿರುಗಿ. “ಅಂಥ ನೀರಲ್ಲಿ ಎಂಟು ದಿನಕ್ಕೆ ರೆಕ್ಕೆ ಬರಲ್ಲ. ನೀನು ಹೋದ ದಿನವೇ ಅಲ್ಲಿ ಮರಿ ಇರಲೇಬೇಕು. ಒಂದೋ ನಿನಗೆ ಕಾಣಲಿಲ್ಲ, ಇಲ್ಲಾ ನೀನು ಒಳಗೇ ಹೋಗಿಲ್ಲ. ಹಿಂದಿನ ಸುತ್ತುಗಳಲ್ಲೂ ಹೀಗೇ ಆಗಿರಬೇಕು.”

“ಹೋಗಿದ್ದೆ ಸಾರ್. ಮೂರು ಸಲ ಮೊಗೆದು ನೋಡಿದೆ. ಏನೂ ಇರ್ಲಿಲ್ಲ. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿದ್ರೆ ಕಾಣಲ್ಲ.” ಅವಳು ಬೆಂಕಿಪೆಟ್ಟಿಗೆಯೊಂದನ್ನು ತೆರೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಟೈಲರನ ಮನೆಯಲ್ಲಿ ಹೊಡೆದ ನಾಲ್ಕೈದು ಸೊಳ್ಳೆಗಳಿದ್ದವು. “ನೋಡಿ ಸಾರ್, ಎಷ್ಟು ಸಣ್ಣವು. ಇವು ಬಿಸಿ ನೀರಲ್ಲಿ ಬೇಗ ಬೇಗ ಬೆಳೆದವು.”

“ಸೊಳ್ಳೆ ಅಂದ್ರೆ ಸಣ್ಣದೇ ಅಲ್ವೇನಮ್ಮ?” ಅಂದರು ಅಧಿಕಾರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಹಿಡಿಯಾಗುತ್ತದೆ. ಆ ಕೋಣೆಯಲ್ಲಿ ಅವಳು ಹೇಳಿದ್ದು ಅಕ್ಷರಶಃ ಸರಿ ಅಂತ ಗೊತ್ತಿದ್ದವನು ನಾನೊಬ್ಬನೇ, ಆದರೂ ಹಲ್ಲು ಕಿರಿದೆ.

ಅಧಿಕಾರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. “ಇದು ನಿಮ್ಮ ಬರಹಾನೇ ತಾನೇ?”

“ಹೌದು ಸಾರ್,” ಅಂದೆ. ಅವರು ಮತ್ತೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಮೇಸ್ತ್ರಿ ಬರೆದಿದ್ದಾರೆ ಅಂದಮೇಲೆ ತನ್ನಲ್ಲೇ ಏನೋ ತಪ್ಪಾಗಿರಬೇಕು ಅನ್ನುವ ಹಾಗೆ ನೋಡಿದಳು.

ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಸೌಟು ವಾಪಸು ಪಡೆದು ರಸೀದಿ ಕೊಟ್ಟವನೂ ನಾನೇ. ಅವಳ ಜಾಗಕ್ಕೆ ಬಂದವಳಿಗೆ ಜನ ಬಾಗಿಲು ತೆರೆಯುವ ಮೊದಲು “ಒಳಗೆ ಬರ್ತೀಯೋ, ಇಲ್ಲಾ ನೀನೂ ಸುಣ್ಣ ಬಳಿದು ಹೋಗೋಳೋ?” ಅಂತ ಕೇಳುತ್ತಿದ್ದರಂತೆ. ಸೌಟಕ್ಕ ಅನ್ನುವ ಹೆಸರು ಅಳಿದು ಸುಣ್ಣದಕ್ಕ ಅಂತ ಆಯಿತು. ಹಾಗೆ ಕರೆದವರು ಕೆಟ್ಟವರೇನಲ್ಲ. ಅವರಿಗೆ ಕಚೇರಿ ಹೇಳಿದ್ದು ಅಷ್ಟೇ.

ನಾನು ಮಾತ್ರ ಮಾರನೆಯ ದಿನದಿಂದಲೇ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹಿತ್ತಲಗೋಡೆಯ ಮುಂದೆ ನಿಂತೆ. ಮೂವತ್ತೈದು, ಮೂವತ್ತಾರು ಅಂತ ಇದ್ದದ್ದನ್ನು ಇದ್ದ ಹಾಗೇ ಬರೆದೆ. ಸೆಕೆ ಒಮ್ಮೆಲೇ ಏರಿತು ಅಂತ ಎಲ್ಲರೂ ನಂಬಿದರು. ಏಳು ದಿನದ ಸುತ್ತು ಶುರುವಾಯಿತು, ಹೊಸದಾಗಿ ಮಲಗುವವರು ಕಡಿಮೆಯಾದರು, ಚುರುಕಾಗಿ ಕೆಲಸ ಮಾಡಿಸಿದ ಅಂತ ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಮನೆಗೆ ಹೋಗಿ ಊಟ ಬಿಟ್ಟು ಕೂತೆ. ನಾಳೆ ಹೇಳುತ್ತೇನೆ, ಮುಂದಿನ ತಿಂಗಳು ಹೇಳುತ್ತೇನೆ, ನಿವೃತ್ತಿಯಾದ ಮೇಲೆ ಹೇಳುತ್ತೇನೆ ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ. ನಿವೃತ್ತಿಯೂ ಆಯಿತು. ಅವಳು ದೂರದ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ್ದಾಳೆ ಅಂತ ಕೇಳಿದ್ದೆ. ಆ ಲಾಂಡ್ರಿಯ ಮುಂದೆ ಹಾದು ಹೋಗುವ ಬಸ್ಸನ್ನೇ ನಾನು ಹತ್ತುತ್ತಿರಲಿಲ್ಲ.

ಎಂಟು ವರ್ಷವಾದ ಮೇಲೆ, ಹೋದ ತಿಂಗಳು, ಕನ್ನಡಕದ ಅಂಗಡಿಯಲ್ಲಿ ಸರದಿಗೆ ಕೂತಿದ್ದೆ. ಪರದೆಯ ಆಚೆ ಒಬ್ಬ ಹೆಂಗಸು ಅಕ್ಷರಗಳನ್ನು ಓದುತ್ತಿದ್ದಳು. ತೀರಾ ಕೆಳಗಿನ ಸಾಲನ್ನೂ ಒಂದಿಷ್ಟೂ ತಡವರಿಸದೆ ಓದಿದಳು. ಧ್ವನಿಯ ಗುರುತು ಹತ್ತಿದ ಕೂಡಲೇ ಎದ್ದು ಹೋಗಬೇಕೆನಿಸಿತು. ಆದರೂ ಕೂತೇ ಇದ್ದೆ.

“ಅಮ್ಮಾ, ಹೋದ ವರ್ಷವೂ ಬಂದಿದ್ರಿ, ಅದರ ಹಿಂದಿನ ವರ್ಷವೂ ಬಂದಿದ್ರಿ,” ಅಂತ ಕಣ್ಣು ನೋಡುವವನು ಹೇಳುತ್ತಿದ್ದ. “ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನನಗಿಂತ ನಿಮಗೇ ಚೆನ್ನಾಗಿ ಕಾಣುತ್ತೆ.”

“ಈಗ ಕಾಣುತ್ತೆ ಸ್ವಾಮಿ. ಎಂಟು ವರ್ಷದ ಹಿಂದೆ ಸ್ವಲ್ಪ ದಿನ ಮಂಜಾಗಿ, ಆಮೇಲೆ ತಾನೇ ಸರಿಹೋಗಿರಬಹುದಾ? ಹಾಗೆ ಆಗುತ್ತಾ? ನೀರೊಳಗೆ ಇದ್ದದ್ದು ಕಾಣದೇ ಇರೋ ಹಾಗೆ?”

“ಹಾಗೆಲ್ಲ ಆಗಲ್ಲಮ್ಮ.”

“ಒಂದು ದಿನದ ಮಟ್ಟಿಗೆ?”

ಅಲ್ಲಿಯವರೆಗೆ ನಾನು ಅವಳಿಗೆ ಮಾಡಿದ ಅನ್ಯಾಯವೆಂದರೆ ಕೆಲಸ ಮತ್ತು ಹೆಸರು ಕಳೆದದ್ದು ಅಂತ ತಿಳಿದಿದ್ದೆ. ಅವಳಂತೂ ತನ್ನ ಮನಸ್ಸಿನಲ್ಲಿ ತಾನು ಸರಿ ಅಂತ ಗಟ್ಟಿಯಾಗಿದ್ದಾಳೆ, ನನ್ನನ್ನೋ ಕಚೇರಿಯನ್ನೋ ಬೈದುಕೊಂಡು ಬದುಕಿದ್ದಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಎಂಟು ವರ್ಷ ತನ್ನ ಕಣ್ಣನ್ನೇ ಅನುಮಾನಿಸಿದ್ದಳು, ಟೈಲರನ ಹೆಂಡತಿಯನ್ನು ತಾನೇ ಕೊಂದೆ ಅಂತ ನಂಬಿದ್ದಳು.

ಅವಳು ಪರದೆ ಸರಿಸಿ ಹೊರಗೆ ಬಂದಳು. ಕೈಗಳ ಮೇಲೆ ಇಸ್ತ್ರಿಯ ಸುಟ್ಟ ಕಲೆಗಳು. ನನ್ನನ್ನು ಕಂಡು, “ಅಯ್ಯೋ ಮೇಸ್ತ್ರಿ, ಎಷ್ಟು ಸೊರಗಿದ್ದೀರಿ!” ಅಂದಳು. ಮನೆಯವರೆಲ್ಲ ಚೆನ್ನಾಗಿದ್ದಾರಾ ಅಂತ ವಿಚಾರಿಸಿದಳು. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ಎಲ್ಲವನ್ನೂ ಹೇಳಿದೆ. ಉಗ್ರಾಣದ ಬೆಂಚು, ಎಂಟು ಗಂಟೆಯ ಅಂಕಿ, ಎರಡು ಗಂಟೆಯ ಖಾನೆ. ಅವಳ ಥರ್ಮಾಮೀಟರನ್ನು ಆಟದ ಸಾಮಾನು ಅಂದದ್ದು ಯಾಕೆ ಅಂತಲೂ ಹೇಳಿದೆ. ಸುತ್ತಿಬಳಸಲು ನಾಲಿಗೆ ಹವಣಿಸುತ್ತಿತ್ತು, ಬಿಡಲಿಲ್ಲ.

“ಹಾಗಾದ್ರೆ ನೀರು ಮೂವತ್ತೆರಡೇ ಇತ್ತಾ?” ಅಂತ ಕೇಳಿದಳು.

“ಹೌದಮ್ಮ.”

“ನಾನು ನೋಡಿದ ದಿನ ಡ್ರಮ್ಮಲ್ಲಿ ಏನೂ ಇರ್ಲಿಲ್ವಾ?”

“ಇರ್ಲಿಲ್ಲ. ನೀನು ಸರಿಯಾಗೇ ನೋಡಿದ್ದೆ. ಏಳನೇ ದಿನಕ್ಕೆ ನಿನ್ನನ್ನ ಹೋಗೋಕೆ ಬಿಟ್ಟಿದ್ರೆ ಹಾರೋ ಮೊದಲೇ ಹಿಡೀತಿದ್ದೆ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕ್ಷಮಿಸು ಅಂದೆ. ಅವಳು ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಕಣ್ಣು ಒರೆಸಿಕೊಂಡು ಎದ್ದು ನಿಂತಳು.

“ನಡೀರಿ.”

“ಎಲ್ಲಿಗೆ?”

“ಟೈಲರ್ ಮನೆಗೆ. ನನಗೆ ಹೇಳಿ ಹಗುರಾದ್ರೆ ಆಯ್ತಾ ಮೇಸ್ತ್ರಿ? ಹೆಂಡತೀನ ಕಳಕೊಂಡೋನು ಅವನು.”

“ನಾಳೆ ಹೋಗೋಣ ಕಣಮ್ಮ. ಇವತ್ತು ನನಗೆ ಮೈಯಲ್ಲಿ...”

“ಎಂಟು ವರ್ಷ ಆಯ್ತು,” ಅಂದಳು. ನಾನು ಎದ್ದೆ.

ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಒಂದೇ ಸಲ. ಪ್ರತಿ ಭಾನುವಾರ ತಾನು ಆ ಮನೆಗೆ ಹೋಗುವುದುಂಟು ಅಂದಳು. ಟೈಲರನ ಅಂಗಡಿಯ ಗಿರಾಕಿ ಬಟ್ಟೆಗಳನ್ನು ಒಯ್ದು, ಇಸ್ತ್ರಿ ಮಾಡಿ ತಂದುಕೊಡುತ್ತಾಳೆ. ಅವನು ಬೇಡ ಅಂದಿಲ್ಲ, ಮಾತೂ ಆಡಿಸಿಲ್ಲ. ಹೊಸ್ತಿಲಾಚೆಯಿಂದಲೇ ಗಂಟು ಇಸಿದುಕೊಳ್ಳುತ್ತಾನೆ, ಇವಳು ಹೊರಗೇ ನಿಂತು ಕೊಟ್ಟು ಬರುತ್ತಾಳೆ.

ಬಾಗಿಲು ತೆರೆದೇ ಇತ್ತು. ಟೈಲರ್ ಹೊಲಿಗೆಯಂತ್ರದ ಮುಂದೆ ಕೂತಿದ್ದ, ಕೂದಲು ಪೂರಾ ನೆರೆತಿತ್ತು. ಇವಳು ಅಭ್ಯಾಸದಂತೆ ಹೊಸ್ತಿಲ ಹೊರಗೇ ನಿಂತಳು. ನಾನು ಒಳಗೆ ಹೋಗಿ, ನಾನು ಯಾರು ಅಂತ ಹೇಳಿ, ಕಟ್ಟೆಯ ಮೇಲೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಯಂತ್ರದ ಚಕ್ರದ ಮೇಲೆ ಇಟ್ಟ ಕೈಯನ್ನು ಅವನು ತೆಗೆಯಲೇ ಇಲ್ಲ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಅಂತಲೂ ಅಂದುಕೊಂಡೆ.

ಅವನು ಎದ್ದು, ನನ್ನನ್ನು ದಾಟಿ ಬಾಗಿಲಿಗೆ ಹೋದ. ಹೆಂಡತಿ ಕೂತು ಕಾಜಾ ಮಾಡುತ್ತಿದ್ದ ಗಿಡ್ಡ ಕುರ್ಚಿ ಅಲ್ಲೇ ಗೋಡೆಗೆ ಒರಗಿಸಿಟ್ಟಿತ್ತು. ಅದರ ಮೇಲಿನ ಬಟ್ಟೆಯ ರಾಶಿಯನ್ನು ಎರಡೂ ಕೈಯಿಂದ ನೆಲಕ್ಕೆ ಇಳಿಸಿದ.

“ಒಳಗೆ ಬಾ ಅಕ್ಕ,” ಅಂದ. “ಕೂತ್ಕೋ.”

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಅವನು ಲೋಟದಲ್ಲಿ ನೀರು ತಂದು ಅವಳ ಕೈಗೆ ಕೊಟ್ಟು, ಅವಳ ಎದುರಿಗೆ ನೆಲದ ಮೇಲೆ ಕುಸಿದು ಕೂತ. ನನಗೆ ಅವನು ಕೂತ್ಕೋ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನಾನು ನಿಂತೇ ಇದ್ದೆ.